ತೂಕ ಇಳಿಯಿತು, ಅಂದಾಜು ಇಳಿಯಲಿಲ್ಲ

ಹದಿನೈದು ಕೆ.ಜಿ. ಇಳಿಸಿಕೊಂಡವರೂ ಟೈಲರ್ ಅಂಗಡಿಗೆ ಹೋದಾಗ ಚೀಲದಿಂದ ತೆಗೆಯುವುದು ಹಳೆಯ ಅಳತೆ ಬ್ಲೌಸನ್ನೇ. ‘ಇದು ಲೂಸಾಗುತ್ತೆ ಅಕ್ಕಾ, ಟೇಪ್ ಹಿಡಿದೇ ಅಳತೆ ತಗೋತೀನಿ’ ಎಂದರೆ, ‘ಸರಿ, ಒಳಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿಯಪ್ಪ’ ಎನ್ನುತ್ತಾರೆ. ಮತ್ತೆ ದಪ್ಪಗಾದರೆ ಹೊಲಿಗೆ ಬಿಚ್ಚಿಕೊಳ್ಳಬಹುದೆಂಬ ಜಾಣತನ ಅದರಲ್ಲಿದೆ. ತಾನು ಇಳಿದಿದ್ದೇನೆಂಬುದು ಇನ್ನೂ ಮನಸ್ಸಿಗೆ ಹತ್ತಿಲ್ಲದಿರುವುದೂ ಇದೆ.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುವುದು, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಅಲ್ಲಾಡಿಸಿ ನೋಡಿ ಕೂರುವುದು, ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿಗೆ ಸರಿಯುವುದು: ವರ್ಷಗಟ್ಟಲೆ ರೂಢಿಯಾದ ಇವು ತೂಕದ ಯಂತ್ರದ ಮಾತು ಕೇಳುವುದಿಲ್ಲ.

ದೇಹ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂಬ ಲೆಕ್ಕವನ್ನು ಮಿದುಳು ತನ್ನ ಪಾಡಿಗೆ ಇಟ್ಟುಕೊಂಡಿರುತ್ತದೆ. ಬ್ರಿಟನ್ನಿನ ನರರೋಗ ತಜ್ಞರಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲೇ ಇದನ್ನು ಚರ್ಚಿಸಿದ್ದರು. 2013ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಬಾಗಿಲಿನಂಥ ಕಿಂಡಿಗಳ ಮೂಲಕ ಜನರನ್ನು ನಡೆಸಿ ನೋಡಿದರು. ಕಿಂಡಿ ಭುಜಕ್ಕಿಂತ ಶೇ 25ರಷ್ಟು ಅಗಲವಿದ್ದಾಗ ಆರೋಗ್ಯವಂತರು ಮೈ ಓರೆ ಮಾಡತೊಡಗಿದರೆ, ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಅನೊರೆಕ್ಸಿಯಾದಿಂದ ಸೊರಗಿದ ಮಹಿಳೆಯರು ಶೇ 40ರಷ್ಟು ಅಗಲವಿದ್ದಾಗಲೇ ಓರೆಯಾದರು. ಅದೊಂದು ಕಾಯಿಲೆ, ಡಯೆಟ್ ಮಾಡಿದವರಿಗೆಲ್ಲ ಅದನ್ನು ಅಂಟಿಸುವಂತಿಲ್ಲ. ಆದರೂ ಮೈಯ ನಡೆಗೆ ಕನ್ನಡಿಗಿಂತ ಒಳಗಿನ ಲೆಕ್ಕವೇ ಪ್ರಮಾಣ ಎಂಬುದಂತೂ ಕಾಣುತ್ತದೆ.

ಈಗ ಇಳಿಯುವ ವೇಗವೂ ಹೆಚ್ಚಿದೆ. 2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಮೌಂಜಾರೊದಲ್ಲಿರುವ ಔಷಧದ ದೊಡ್ಡ ಪ್ರಯೋಗವೊಂದರಲ್ಲಿ, ಗರಿಷ್ಠ ಡೋಸ್ ಪಡೆದವರು 72 ವಾರಗಳಲ್ಲಿ ಸರಾಸರಿ ತೂಕದ ಐದನೇ ಒಂದರಷ್ಟನ್ನು ಕಳೆದುಕೊಂಡಿದ್ದರು. ನಲವತ್ತು ವರ್ಷ ಹೊತ್ತ ಮೈ ಒಂದೂವರೆ ವರ್ಷದಲ್ಲಿ ಬದಲಾದರೆ ಮನಸ್ಸು ತಬ್ಬಿಬ್ಬಾಗದೆ ಇನ್ನೇನು?

ಚರ್ಮವೂ ಜೊತೆ ಕೊಡುವುದಿಲ್ಲ. ಬಹುಕಾಲ ಹಿಗ್ಗಿದ ಚರ್ಮದ ಕೊಲಾಜೆನ್, ಎಲಾಸ್ಟಿನ್ ಎಳೆಗಳು ಮೊದಲಿನ ಬಿಗಿಗೆ ಮರಳದೆ ಹೊಟ್ಟೆ, ತೋಳುಗಳಲ್ಲಿ ಮಡಿಕೆ ಜೋಲುತ್ತದೆ. ಕೈಗೆ ಸಿಗುವ ಆ ಮಡಿಕೆಯನ್ನು ‘ಇನ್ನೂ ಬೊಜ್ಜಿದೆ’ ಎಂದುಕೊಂಡು ಊಟ ಬಿಡುವವರಿದ್ದಾರೆ. ವ್ಯಾಯಾಮದಿಂದ ಸ್ನಾಯು ತುಂಬಿಕೊಂಡೀತು, ಹೆಚ್ಚುವರಿ ಚರ್ಮಕ್ಕೆ ಶಸ್ತ್ರಚಿಕಿತ್ಸೆಯೇ ಆಗಬೇಕು. ತೂಕ ಇಳಿಸುವ ಜಾಹೀರಾತಿನ ಜೋಡಿ ಫೋಟೊಗಳಲ್ಲಿ ಬಟ್ಟೆ ಇದನ್ನೆಲ್ಲ ಮುಚ್ಚಿರುತ್ತದೆ.

ಇದರ ಮೇಲೆ ನಮ್ಮ ಜನ! ದಪ್ಪಗಿದ್ದಾಗ ‘ಸ್ವಲ್ಪ ವಾಕಿಂಗ್ ಮಾಡಮ್ಮ’ ಎಂದವರೇ ಈಗ ದನಿ ತಗ್ಗಿಸಿ, ‘ಯಾಕೆ ಇಷ್ಟು ಇಳಿದುಹೋಗಿದ್ದೀಯ, ಶುಗರ್ ಚೆಕ್ ಮಾಡಿಸಿದ್ಯಾ?’ ಎನ್ನುತ್ತಾರೆ. ಪ್ರಯತ್ನವಿಲ್ಲದೆ ತೂಕ ಇಳಿದರೆ ಮಧುಮೇಹದ ಪರೀಕ್ಷೆ ಬೇಕೇ ಬೇಕು, ಆ ಪ್ರಶ್ನೆಯಲ್ಲಿ ಅಕ್ಕರೆಯೂ ಇದೆ. ಆದರೆ ಬೆಳಗಿನ ಜಾವ ಎದ್ದು ನಡೆದು, ಹಬ್ಬದ ಹೋಳಿಗೆಯಲ್ಲಿ ಅರ್ಧವನ್ನೇ ತಿಂದು ಇಳಿಸಿಕೊಂಡವಳು ಸಂಜೆ ಮನೆಗೆ ಬಂದು ಕನ್ನಡಿಯಲ್ಲಿ ಹುಡುಕುವುದು ಕಾಯಿಲೆಯ ಕಳೆಯನ್ನು.