ಕಿವಿಯ ಬಳಿಯ ಮೊಬೈಲು, ತಾರಸಿಯ ಮೇಲಿನ ಗೋಪುರ

ಮುಂಬಯಿಯ ಹೌಸಿಂಗ್ ಸೊಸೈಟಿಗಳ ಮಹಾಸಭೆಗಳಲ್ಲಿ ನೀರು ಸೋರಿಕೆ, ಪಾರ್ಕಿಂಗ್ ತಕರಾರುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡು ಬಹುಕಾಲವಾಯಿತು: ತಾರಸಿಯ ಮೇಲೆ ಮೊಬೈಲ್ ಗೋಪುರ ಬೇಕೆ, ಬೇಡವೆ? ಬಾಡಿಗೆಯ ಆಸೆ ಒಂದೆಡೆ, ಕ್ಯಾನ್ಸರಿನ ಭೀತಿ ಇನ್ನೊಂದೆಡೆ.

ಈ ಭೀತಿಗೆ ನಗರದಲ್ಲಿ ಗಟ್ಟಿ ದನಿ ದೊರೆತದ್ದು 2010ರ ಸುಮಾರಿಗೆ. ಆ ವರ್ಷ ಐಐಟಿ ಬಾಂಬೆಯ ಪ್ರಾಧ್ಯಾಪಕ ಗಿರೀಶ್ ಕುಮಾರ್ ಗೋಪುರಗಳ ವಿಕಿರಣದ ಕುರಿತು ದೂರಸಂಪರ್ಕ ಇಲಾಖೆಗೆ ವರದಿ ಸಲ್ಲಿಸಿದರು. ಮಲಬಾರ್ ಹಿಲ್‌ನ ಸಹ್ಯಾದ್ರಿ ಅತಿಥಿಗೃಹದ ಮೇಲಿದ್ದ ಆಂಟೆನಾಗಳ ವಿರುದ್ಧ ನಟಿ ಜೂಹಿ ಚಾವ್ಲಾ ದನಿಯೆತ್ತಿದರು. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ತರಂಗಗಳನ್ನು '2ಬಿ' ವರ್ಗಕ್ಕೆ, ಅಂದರೆ ಕ್ಯಾನ್ಸರ್‌ಕಾರಕ ಆಗಿರಲೂಬಹುದು ಎಂಬ ವರ್ಗಕ್ಕೆ ಸೇರಿಸಿತು. (ಪೂರ್ವ ಏಷ್ಯಾದವರ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ವರ್ಗದಲ್ಲಿದೆ, ನಮ್ಮ ಮಿಡಿ ಉಪ್ಪಿನಕಾಯಿಯಲ್ಲ!)

2012ರ ಸೆಪ್ಟೆಂಬರ್ 1ರಿಂದ ಭಾರತವು ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾನದಂಡದ ಹತ್ತನೆಯ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು. ಕೈಯಲ್ಲಿರುವ ಫೋನಿಗೆ ಬೇರೆಯದೇ ಅಳತೆ, 'ಸಾರ್'. ದೇಹದ ಅಂಗಾಂಶವು ಹೀರಿಕೊಳ್ಳುವ ಶಕ್ತಿಯ ಪ್ರಮಾಣವಿದು. ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್ ಮೀರಕೂಡದು. ಯುರೋಪಿನಲ್ಲಿ ಹತ್ತು ಗ್ರಾಂ ಸರಾಸರಿಗೆ 2 ವ್ಯಾಟ್. ಆದ್ದರಿಂದ ಎರಡು ಅಂಕೆಗಳನ್ನು ನೇರವಾಗಿ ಹೋಲಿಸಲಾಗದು. ಈ ತರಂಗಗಳು ಎಕ್ಸ್-ರೇಯಂತೆ ಅಣುಬಂಧಗಳನ್ನು ಮುರಿಯುವಷ್ಟು ಬಲವುಳ್ಳವಲ್ಲ. ಖಚಿತವಾಗಿ ಸಿದ್ಧವಾಗಿರುವ ಪರಿಣಾಮವೆಂದರೆ ಬಿಸಿ. ಮಿತಿಗಳೂ ಅದನ್ನೇ ಆಧರಿಸಿವೆ.

ಇಲ್ಲೊಂದು ವಿಚಿತ್ರವಿದೆ. ಗೋಪುರ ದೂರವಾದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ 'ಕೂಗಬೇಕಾಗುತ್ತದೆ'. ಆ ಕೂಗು ಹೊರಡುವುದು ಕಿವಿಯ ಪಕ್ಕದಿಂದಲೇ. ಸೊಸೈಟಿಯವರು ಹಟದಿಂದ ಗೋಪುರ ಇಳಿಸಿದ ಬಳಿಕ ಸಂಕೇತ ಕ್ಷೀಣಿಸಿದರೆ, ನಿವಾಸಿಗಳ ತಲೆಗೆ ತಗಲುವ ಪ್ರಮಾಣ ತಗ್ಗುವ ಬದಲು ಏರಲೂಬಹುದು. ಹಾಗೆಂದು ಆಂಟೆನಾದ ನೇರ ಎದುರಿನ ಕಿಟಕಿಯವರ ದೂರನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಲಿ ಅಳತೆ ಮಾಡಿಸುವುದೇ ಸರಿ.

ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯು ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಆದರೂ ಎಚ್ಚರ ಬಯಸುವವರು ಲಿಫ್ಟಿನಲ್ಲಿ, ಓಡುವ ಲೋಕಲ್ ರೈಲಿನಲ್ಲಿ, ಸಂಕೇತ ಕ್ಷೀಣವಿರುವಲ್ಲಿ ದೀರ್ಘ ಸಂಭಾಷಣೆ ತಪ್ಪಿಸಿ ಇಯರ್‌ಫೋನ್ ಬಳಸಬಹುದು. ತಮ್ಮ ಫೋನಿನ ಸಾರ್ ಮೌಲ್ಯ ತಿಳಿಯಬೇಕಾದರೆ ಸ್ಟಾರ್, ಹ್ಯಾಶ್, ಸೊನ್ನೆ, ಏಳು, ಹ್ಯಾಶ್ ಒತ್ತಿದರೆ ಬಹುತೇಕ ಫೋನುಗಳ ಪರದೆಯ ಮೇಲೆ ಅದು ಮೂಡುತ್ತದೆ.