ಬೋಳು ಗುಡ್ಡ ಹಾಳು ಗುಡ್ಡವಲ್ಲ

ಕಾರ್ಕಳ ಬಿಟ್ಟು ಮಾಳದ ಕಡೆಯಿಂದ ಘಾಟಿ ಹತ್ತುವಾಗ ಕಾಡು ರಸ್ತೆಯ ಮೇಲೇ ಬಾಗಿರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ. ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಒಳ್ಳೆಯದೇ ಆಯಿತು. ಮೇಲೇರಿದಂತೆ ನೋಟ ಬದಲಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು, ಮರಗಳೆಲ್ಲ ಕಣಿವೆಯ ಸಂದುಗಳಲ್ಲಿ. ‘ಅಯ್ಯೋ, ಯಾರೋ ಕಡಿದುಬಿಟ್ಟಿದ್ದಾರೆ’ ಎಂದು ಕಾರಿನಲ್ಲಿ ಒಬ್ಬರಾದರೂ ಅನ್ನುತ್ತಾರೆ.

ಅದು ನಿಜವೇ ಎಂದು ತಿಳಿಯಬೇಕಿದ್ದರೆ ಇಳಿದು ನಡೆಯಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು ಮುಳ್ಳೋಡಿ ಎಂಬ ಹಳ್ಳಿಯಿಂದ 1892 ಮೀಟರ್ ಎತ್ತರದ ಕುದುರೆಮುಖ ಶಿಖರದತ್ತ ಹೊರಟರೆ ದಾರಿ ಹುಲ್ಲಿನಿಂದ ಶೋಲಾ ಎನ್ನುವ ಕಣಿವೆಯ ಕಾಡಿಗೆ, ಮತ್ತೆ ಹುಲ್ಲಿಗೆ ದಾಟುತ್ತಲೇ ಇರುತ್ತದೆ. ನಾಲ್ಕು ಹೆಜ್ಜೆಯಲ್ಲಿ ಬಿಸಿಲು ಮಾಯ, ಮೈಗೆ ತಂಪು. ಕಾಂಡದ ಮೇಲಿನ ಪಾಚಿಯನ್ನು ಒತ್ತಿದರೆ ನೀರು ಜಿನುಗುತ್ತದೆ. ಮಳೆಗಾಲದಲ್ಲಾದರೆ ತರಗೆಲೆಯ ಮೇಲೆ ಇಂಬಳ ಬಾಲ ಊರಿ ಎದ್ದುನಿಂತು ನಿಮ್ಮನ್ನೇ ಹುಡುಕುತ್ತಿರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕವಿದೆ. ಹಾಗಾಗಿ ಇಂಬಳ ಬಿಟ್ಟುಹೋದ ಮೇಲೂ ಕಾಲುಚೀಲ ಕೆಂಪಾಗುತ್ತದೆ.

ಮರಗಳು ಕಣಿವೆಗೇ ಅಂಟಿಕೊಂಡಿರಲು ಕಾರಣವಿದೆ. ಅಲ್ಲಿನ ಸಂದಿನಲ್ಲಿ ಮಣ್ಣು ಆಳ, ನೀರಿನ ಸೆಲೆ ಹತ್ತಿರ, ಗಾಳಿಯ ಹೊಡೆತ ಕಡಿಮೆ. ನೆತ್ತಿಯಲ್ಲಿ ಎಲ್ಲವೂ ತಿರುಗುಮುರುಗು. ಜೊತೆಗೆ ಬೆಂಕಿ. ನೀಲಗಿರಿಯಂಥ ಇನ್ನೂ ಎತ್ತರದ ಕಡೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಇಬ್ಬನಿಯೂ ಸೇರಿ ಬಯಲಿಗೆ ಬಂದ ಸಸಿಗಳನ್ನು ಸಾಯಿಸುತ್ತದೆ.

ಹಾಗಿದ್ದರೂ ಹುಲ್ಲುಗಾವಲೆಲ್ಲ ಮನುಷ್ಯ ಕಾಡು ಸುಟ್ಟದ್ದರ ಫಲವೇ ಎಂಬ ವಾದ ಬಹುಕಾಲ ನಡೆಯಿತು. ತೀರ್ಪು ಸಿಕ್ಕಿದ್ದು ನೀಲಗಿರಿಯ ಜೌಗಿನಲ್ಲಿ. ಉಷ್ಣವಲಯದ ಎಷ್ಟೋ ಹುಲ್ಲುಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಮರಗಳ ಬಗೆಗಿಂತ ಬೇರೆ. ಅದರಿಂದ ಅವುಗಳ ಮೈಯಲ್ಲಿ ಇಂಗಾಲ-13 ಎಂಬ ಭಾರದ ಬಗೆಯ ಇಂಗಾಲದ ಪಾಲು ತುಸು ಹೆಚ್ಚು. ಗಿಡ ಕೊಳೆತು ಜೌಗಿನ ತಳ ಸೇರಿದರೂ ಆ ಗುರುತು ಅಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಜೌಗಿನ ಪದರಗಳನ್ನು ಓದಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಬೇಸಾಯದ ಸುಳಿವೇ ಇಲ್ಲದ ಹಿಮಯುಗದ ಒಣಹವೆಯಲ್ಲಿ, ಅಲ್ಲಿ ಹುಲ್ಲಿನದೇ ಮೇಲುಗೈ. ಮಳೆ ಹೆಚ್ಚಿದಾಗ ಕಾಡು ಹಬ್ಬಿತು, ಕುಗ್ಗಿದಾಗ ಹಿಂದೆ ಸರಿಯಿತು.

ನೀಲಗಿರಿಯ ಲೆಕ್ಕವನ್ನು ಕುದುರೆಮುಖದ ಪ್ರತಿ ಗುಡ್ಡಕ್ಕೂ ಅಂಟಿಸುವಂತಿಲ್ಲ. ಆದರೆ ಬೋಳಾದದ್ದೆಲ್ಲ ಹಾಳಾದದ್ದು ಎಂಬ ಅವಸರದ ಮಾತು ಅಂದೇ ಬಿದ್ದುಹೋಯಿತು. ಅಷ್ಟರಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ‘ಖಾಲಿ ಜಾಗ’ವೆಂದು ನೆಟ್ಟ ಅಕೇಶಿಯಾ, ನೀಲಗಿರಿ ಮರಗಳು ಬೇರುಬಿಟ್ಟಾಗಿತ್ತು. ಈಗ ಅವನ್ನು ಕೀಳುವುದೇ ದೊಡ್ಡ ಕೆಲಸ.

ಕುದುರೆಮುಖದಲ್ಲಿ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಹುಲ್ಲು ಸುಟ್ಟರೂ ಬುಡದಿಂದ ಚಿಗುರೀತು. ಶೋಲಾದ ಅಂಚಿನಲ್ಲಿ ಈಗಷ್ಟೇ ತಲೆಯೆತ್ತಿದ ಸಸಿಗೆ ಆ ಅನುಕೂಲ ಇಲ್ಲ.