ಮೀನಿನ ತತ್ತಿಯ ಕೋಟೆ

ಕೋಳಿಯ ಮೊಟ್ಟೆಗೆ ಸುಣ್ಣದ ಚಿಪ್ಪು ಇರುವುದನ್ನು ಎಲ್ಲರೂ ಬಲ್ಲರು. ಮೀನಿನ ತತ್ತಿಗೆ ಅಂಥ ಚಿಪ್ಪಿಲ್ಲ. ಆದರೆ ತಾಯಿಯ ಒಡಲನ್ನು ಬಿಟ್ಟು ನೀರಿಗೆ ಬಿದ್ದ ಕ್ಷಣದಿಂದಲೇ ಅದಕ್ಕೆ ಒದಗುವ ವಿಪತ್ತುಗಳು ಒಂದೆರಡಲ್ಲ. ಅಲೆಗಳ ಹೊಡೆತ, ಕಲ್ಲುಮರಳಿನ ತಿಕ್ಕಾಟ, ಸೂಕ್ಷ್ಮಜೀವಿಗಳ ಮುತ್ತಿಗೆ ಇವೆಲ್ಲವನ್ನೂ ಅದು ತಾಳಿಕೊಳ್ಳಬೇಕು. ಬಹುಪಾಲು ಮೀನುಗಳು ತತ್ತಿಯಿಟ್ಟು ಹೊರಟುಹೋಗುತ್ತವೆ, ಕಾವಲಿಗೆ ನಿಲ್ಲುವುದಿಲ್ಲ. ಹಾಗಾದರೆ ಒಳಗಿರುವ ಎಳೆಯ ಜೀವವನ್ನು ರಕ್ಷಿಸುವವರು ಯಾರು?

ಆ ಕೆಲಸವನ್ನು ಮಾಡುವುದು ತತ್ತಿಯನ್ನು ಸುತ್ತುವರಿದಿರುವ ಒಂದು ಪಾರದರ್ಶಕವಾದ ಪೊರೆ. ಅದು ಮುಖ್ಯವಾಗಿ ಪ್ರೋಟೀನುಗಳಿಂದಾದುದು. ಈ ಪೊರೆಗೆ ವಹಿಸಿರುವ ಕೆಲಸಗಳಾದರೋ ಪರಸ್ಪರ ವಿರುದ್ಧವಾದವು. ಅದು ವೀರ್ಯಾಣುವನ್ನು ಒಳಗೆ ಬಿಡಬೇಕು, ಆದರೆ ಒಂದನ್ನು ಮಾತ್ರ. ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ದಾರಿ ಕೊಡಬೇಕು, ಶತ್ರುಗಳನ್ನು ತಡೆಯಬೇಕು. ಕಲ್ಲು ಒತ್ತಿದರೂ ಒಡೆಯದಷ್ಟು ಗಟ್ಟಿಯಾಗಿರಬೇಕು. ಆದರೂ ಕೊನೆಯಲ್ಲಿ ಬಲವಿಲ್ಲದ ಪುಟ್ಟ ಮರಿಯೊಂದು ಅದನ್ನು ಭೇದಿಸಿ ಹೊರಬರುವಂತಿರಬೇಕು. ಒಂದೇ ಪೊರೆಯಿಂದ ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಇದನ್ನು ಈಗ ವಿಚಾರಿಸೋಣ.

ಇಟ್ಟಿಗೆ ತಯಾರಾಗುವ ಸ್ಥಳ

ಜಪಾನಿನ ಬತ್ತದ ಗದ್ದೆಗಳಲ್ಲಿ ಮೆಡಾಕ ಎಂಬ ಮೀನು ವಾಸಿಸುತ್ತದೆ. ಅದರ ಉದ್ದ ಮೂರು ನಾಲ್ಕು ಸೆಂಟಿಮೀಟರು. ತತ್ತಿಯ ಅಡ್ಡಳತೆ ಸುಮಾರು ಒಂದೂಕಾಲು ಮಿಲಿಮೀಟರು. ಅದರ ಪೊರೆಯ ದಪ್ಪವೋ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಈ ಪೊರೆಯ ಪ್ರೋಟೀನುಗಳು ಅಂಡಾಶಯದಲ್ಲಿಯೇ ಹುಟ್ಟುತ್ತವೆ ಎಂದು ಊಹಿಸುವುದು ಸಹಜ. ಆದರೆ 1980ರ ದಶಕದಲ್ಲಿ ಟೋಕಿಯೋ ನಗರದ ಸೋಫಿಯಾ ವಿಶ್ವವಿದ್ಯಾಲಯದ ಹಮಜಾಕಿ, ಇಯುಚಿ ಮತ್ತು ಯಾಮಗಾಮಿ ಅವರು ನಡೆಸಿದ ಸಂಶೋಧನೆಗಳಿಂದ ಬೇರೊಂದು ಸಂಗತಿ ಹೊರಬಿತ್ತು. ಮೆಡಾಕದಲ್ಲಿ ಈ ಪ್ರೋಟೀನುಗಳು ತಯಾರಾಗುವುದು ಯಕೃತ್ತಿನಲ್ಲಿ!

ಅಂಡಾಶಯವು ಈಸ್ಟ್ರೊಜನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಯಕೃತ್ತಿಗೆ ಇದೇ ಆಜ್ಞಾಪತ್ರ. ಆಜ್ಞೆ ತಲಪಿದೊಡನೆ ಯಕೃತ್ತು ಕೋರಿಯೊಜೆನಿನ್ ಎಂಬ ಪ್ರೋಟೀನುಗಳನ್ನು ತಯಾರಿಸಿ ರಕ್ತದ ಮೂಲಕ ಅಂಡಾಶಯಕ್ಕೆ ಕಳುಹಿಸಿಕೊಡುತ್ತದೆ. ಅಲ್ಲಿ ಪ್ರತಿಯೊಂದು ಅಣುವಿನ ಬಾಲದ ತುಂಡು ಕತ್ತರಿಸಿಹೋಗಿ, ಅಣುಗಳು ಒಂದಕ್ಕೊಂದು ಕೂಡಿಕೊಂಡು, ಬೆಳೆಯುತ್ತಿರುವ ಅಂಡದ ಸುತ್ತ ಪದರಪದರವಾಗಿ ನೆಲೆಗೊಳ್ಳುತ್ತವೆ. ಎಲ್ಲ ಮೀನುಗಳಲ್ಲಿಯೂ ಹೀಗೆಯೇ ಎಂದು ತಿಳಿಯಬಾರದು; ಕಾರ್ಪ್ ಜಾತಿಯ ಮೀನುಗಳಲ್ಲಿ ಅಂಡಾಶಯವೇ ಈ ಪ್ರೋಟೀನುಗಳನ್ನು ಹೆಣೆಯುತ್ತದೆ. ಇನ್ನೊಂದು ಸ್ವಾರಸ್ಯವೇನೆಂದರೆ, ಮನುಷ್ಯರ ಅಂಡಾಣುವನ್ನು ಸುತ್ತುವರಿದಿರುವ ಪೊರೆಯ ಪ್ರೋಟೀನುಗಳೂ ಇದೇ ವಂಶಕ್ಕೆ ಸೇರಿದವು.

ಬಾಗಿಲು ಮುಚ್ಚುವ ಬಗೆ

ಪೊರೆಯಲ್ಲಿ ಒಂದೇ ಒಂದು ಸೂಕ್ಷ್ಮ ರಂಧ್ರವುಂಟು. ಅದರ ಒಳತುದಿಯು ಒಂದು ವೀರ್ಯಾಣು ಮಾತ್ರ ನುಸುಳುವಷ್ಟು ಕಿರಿದು. ಅನೇಕ ಪ್ರಾಣಿಗಳ ವೀರ್ಯಾಣುವಿನ ತಲೆಯಲ್ಲಿ ಅಂಡದ ಪೊರೆಯನ್ನು ಹಾಯಲು ನೆರವಾಗುವ ಕಿಣ್ವಗಳ ಚೀಲವಿರುತ್ತದೆ. ಮೂಳೆಮೀನುಗಳ ವೀರ್ಯಾಣುವಿಗೆ ಸಾಮಾನ್ಯವಾಗಿ ಆ ಚೀಲವಿಲ್ಲ. ಬಾಗಿಲು ತೆರೆದೇ ಇರುವಾಗ ಕನ್ನ ಹಾಕುವ ಸಲಕರಣೆ ಏಕೆ?

ವೀರ್ಯಾಣು ಒಳಹೊಕ್ಕೊಡನೆ ತತ್ತಿಯಲ್ಲಿ ಒಂದು ಅಲೆ ಏಳುತ್ತದೆ. 1977ರಲ್ಲಿ ರಿಜ್‌ವೇ, ಗಿಲ್ಕಿ ಮತ್ತು ಜಾಫಿ ಎಂಬ ವಿಜ್ಞಾನಿಗಳು ಕ್ಯಾಲ್ಸಿಯಂ ಸೋಕಿದರೆ ಬೆಳಗುವ, ಅಂಬಲಿಮೀನಿನಿಂದ ಪಡೆದ ಪ್ರೋಟೀನೊಂದನ್ನು ಮೆಡಾಕದ ತತ್ತಿಯೊಳಗೆ ಸೇರಿಸಿ ಪರೀಕ್ಷಿಸಿದರು. ತತ್ತಿಯು ಚೇತನಗೊಂಡ ಕೂಡಲೇ ಅದರೊಳಗಿನ ಬೆಳಕು ಹಲವು ಸಾವಿರ ಪಟ್ಟು ಹೆಚ್ಚಿತು. ಮುಂದಿನ ಪ್ರಯೋಗಗಳಲ್ಲಿ ಈ ಬೆಳಕು ರಂಧ್ರದ ಬಳಿಯಿಂದ ಹೊರಟು ತತ್ತಿಯ ಎದುರು ತುದಿಯವರೆಗೆ ಹರಿಯುವುದೂ ಕಂಡಿತು. ಈ ಕ್ಯಾಲ್ಸಿಯಂ ಅಲೆ ಹಾದುಹೋದಂತೆ, ಅಂಡದ ಅಂಚಿನಲ್ಲಿ ಸಾಲಾಗಿರುವ ಪುಟ್ಟ ಕೋಶಿಕೆಗಳು ಒಡೆದು ತಮ್ಮ ದ್ರವ್ಯವನ್ನು ಪೊರೆಯ ಒಳಮಗ್ಗುಲಿಗೆ ಸುರಿಸುತ್ತವೆ. ಆ ದ್ರವ್ಯದ ದೊಡ್ಡ ಅಣುಗಳು ಪೊರೆಯನ್ನು ದಾಟಲಾರವು, ನೀರು ದಾಟಬಲ್ಲುದು. ಆದುದರಿಂದ ಅಭಿಸರಣದ ನಿಯಮದಂತೆ ಹೊರಗಿನ ನೀರು ಒಳನುಗ್ಗಿ, ಪೊರೆಯು ಗಾಳಿ ತುಂಬಿದ ಚೆಂಡಿನಂತೆ ಬಿಗಿದು ಅಂಡದಿಂದ ದೂರ ಸರಿಯುತ್ತದೆ. ಪ್ರವೇಶರಂಧ್ರವೂ ಮುಚ್ಚಿಹೋಗುತ್ತದೆ.

ಅನಂತರ ಪೊರೆ ಗಟ್ಟಿಯಾಗತೊಡಗುತ್ತದೆ. ಕಚ್ಚಾ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದರ ನೀಳವಾದ ಅಣುಗಳ ನಡುವೆ ಕೊಂಡಿಗಳು ಬಿದ್ದು ರಬ್ಬರು ಬಲಗೊಳ್ಳುವುದನ್ನು ನೀವು ಓದಿರಬಹುದು. ಇಲ್ಲಿಯೂ ನಡೆಯುವುದು ಅದೇ ಬಗೆಯ ಕಾರ್ಯ. ಆದರೆ ಬೆಂಕಿಯೂ ಬೇಡ, ಗಂಧಕವೂ ಬೇಡ. ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವು ಒಂದು ಪ್ರೋಟೀನಿನ ಗ್ಲುಟಮಿನ್ ಘಟಕವನ್ನು ನೆರೆಯ ಪ್ರೋಟೀನಿನ ಲೈಸೀನ್ ಘಟಕಕ್ಕೆ ಬೆಸೆಯುತ್ತದೆ. ನಮಗೆ ಗಾಯವಾದಾಗ ಹೆಪ್ಪುಗಟ್ಟಿದ ರಕ್ತದ ಎಳೆಗಳನ್ನು ಭದ್ರಪಡಿಸುವುದೂ ಇದೇ ಕುಲದ ಕಿಣ್ವ. ಸಾಲ್ಮನ್ ಕುಲದ ಮೀನುಗಳ ತತ್ತಿಯು ಗಟ್ಟಿಯಾಗುವುದು ಕಿಣ್ವದಿಂದಲೇ, ಅದಕ್ಕೆ ಕ್ಯಾಲ್ಸಿಯಂ ಅವಶ್ಯ ಎಂಬುದನ್ನು ರಷ್ಯದ ಜೋಟಿನ್ 1958ರಲ್ಲಿ ವಿವರಿಸಿದ್ದರು. ಹೊಳೆಯ ತಳದ ಜಲ್ಲಿಯಲ್ಲಿ ಹೂತಿರುವ ಈ ತತ್ತಿಗಳು ಗಟ್ಟಿಯಾದ ಮೇಲೆ ಒಂದು ಕಿಲೋಗ್ರಾಮಿಗೂ ಮಿಗಿಲಾದ ಭಾರವನ್ನು ಒಡೆಯದೆ ಹೊರಬಲ್ಲವು.

ಸೆರೆಯಿಂದ ಬಿಡುಗಡೆ

ಇಷ್ಟು ಭದ್ರವಾದ ಕೋಟೆಯಿಂದ ಮರಿ ಹೊರಬರುವುದೆಂತು? ಅದರ ಕೀಲಿಕೈ ಮರಿಯ ಬಳಿಯಲ್ಲೇ ಇದೆ. ಮೆಡಾಕದ ಭ್ರೂಣದ ಬಾಯಿಯ ಒಳಗೋಡೆಯಲ್ಲಿರುವ ವಿಶೇಷ ಕೋಶಗಳು ಕಾಲ ಕೂಡಿಬಂದಾಗ ಎರಡು ಕಿಣ್ವಗಳನ್ನು ಸ್ರವಿಸುತ್ತವೆ. ಮೊದಲನೆಯದು ಪೊರೆಯ ಪ್ರೋಟೀನನ್ನು ಅಲ್ಲಲ್ಲಿ ಕತ್ತರಿಸಿ ಅದನ್ನು ಉಬ್ಬಿಸುತ್ತದೆ. ಎರಡನೆಯದು ಉಬ್ಬಿದ ಭಾಗವನ್ನು ಕರಗಿಸುತ್ತದೆ. ಒಂದು ಇನ್ನೊಂದಕ್ಕೆ ಸಹಾಯಕ. ಹೊರಗಿನ ತೆಳುಪದರವೊಂದು ಮಾತ್ರ ಕರಗದೆ ಉಳಿಯುತ್ತದೆ. ಅದನ್ನು ಮರಿಯು ಬಾಲವನ್ನು ಬಡಿದು ಹರಿದುಕೊಂಡು ಈಜಿ ಹೊರಡುತ್ತದೆ.

ಸುಳ್ಳು ಆಜ್ಞೆ

ಈ ಸುವ್ಯವಸ್ಥೆಗೆ ನಮ್ಮಿಂದಲೇ ಒಂದು ಕಂಟಕ ಒದಗಿದೆ. ಕೋರಿಯೊಜೆನಿನ್ ತಯಾರಿಸುವ ಜೀನುಗಳು ಗಂಡುಮೀನಿನಲ್ಲಿಯೂ ಇವೆ. ಸಾಕಷ್ಟು ಈಸ್ಟ್ರೊಜನ್ ಬಾರದಿರುವುದರಿಂದ ಅವು ಸುಮ್ಮನಿರುತ್ತವೆ, ಅಷ್ಟೆ. ಗರ್ಭನಿರೋಧಕ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೊಜನ್ ಮೂತ್ರದೊಡನೆ ಚರಂಡಿಯನ್ನು, ಅಲ್ಲಿಂದ ನದಿಯನ್ನು ಸೇರುತ್ತದೆ. ಕೆಲವು ಕೈಗಾರಿಕಾ ರಾಸಾಯನಿಕಗಳೂ ಈಸ್ಟ್ರೊಜನ್ನಿನ ವೇಷ ಹಾಕಬಲ್ಲವು. ಯಕೃತ್ತಿಗೆ ನಿಜವಾದ ಆಜ್ಞೆ ಯಾವುದು, ಸುಳ್ಳು ಯಾವುದು ಎಂದು ತಿಳಿಯದು. ಎಂದಿಗೂ ತತ್ತಿಯಿಡದ ಗಂಡುಮೀನು ತತ್ತಿಯ ಕೋಟೆಗೆ ಇಟ್ಟಿಗೆ ಸುಡತೊಡಗುತ್ತದೆ! ಇಂಥ ರಾಸಾಯನಿಕಗಳಿಗೆ ಒಡ್ಡಿದ ಎಳೆಯ ಸಾಲ್ಮನ್ ಮೀನುಗಳಲ್ಲಿ ಪೊರೆಯ ಪ್ರೋಟೀನು ಕಾಣಿಸಿಕೊಳ್ಳುವುದನ್ನು ನಾರ್ವೆಯ ಸಂಶೋಧಕರು 1997ರಲ್ಲಿ ವರದಿ ಮಾಡಿದರು.

ಇದು ಬರಿಯ ವಿಚಿತ್ರವಲ್ಲ. ಕೆನಡಾದ ವಿಜ್ಞಾನಿಗಳು ಪ್ರಯೋಗಕ್ಕೆಂದು ಮೀಸಲಾದ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಗುಳಿಗೆಯ ಈಸ್ಟ್ರೊಜನ್ನನ್ನು ಬೆರೆಸಿದರು. ಪ್ರಮಾಣವೆಷ್ಟು? ಲೀಟರಿಗೆ ಐದಾರು ನ್ಯಾನೋಗ್ರಾಮು, ಎಂದರೆ ಗ್ರಾಮಿನ ನೂರುಕೋಟಿಯಲ್ಲಿ ಐದಾರು ಭಾಗ. ಗಂಡುಮೀನುಗಳ ದೇಹದಲ್ಲಿ ತತ್ತಿಯ ಹಳದಿಗೆ ಬೇಕಾದ ಪ್ರೋಟೀನು ತುಂಬಿಕೊಂಡಿತು. ಅವುಗಳ ವೃಷಣಗಳ ಬೆಳವಣಿಗೆ ಕುಂಠಿತವಾಯಿತು. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಆ ಸರೋವರದಲ್ಲಿ ಅಳಿದುಹೋಗುವ ಸ್ಥಿತಿಗೆ ಬಂದಿತು. ಹಾರ್ಮೋನನ್ನು ಬೆರೆಸುವುದು ನಿಂತ ಕೆಲವು ವರ್ಷಗಳ ಬಳಿಕ ಅದು ಮತ್ತೆ ಚೇತರಿಸಿಕೊಂಡುದು ಸಮಾಧಾನದ ಸಂಗತಿ.

ಗಂಡುಮೀನಿನ ಒಂದು ಹನಿ ರಕ್ತದಲ್ಲಿ ತತ್ತಿಪೊರೆಯ ಪ್ರೋಟೀನು ಸಿಕ್ಕಿತೆಂದರೆ, ಆ ನೀರಿಗೆ ಬರಬಾರದ್ದೇನೋ ಬಂದು ಸೇರಿದೆಯೆಂದು ಶಂಕಿಸಲು ಕಾರಣವುಂಟು. ಆ ನೀರನ್ನು ಶುದ್ಧಗೊಳಿಸುವ ಹೊಣೆ ಮೀನಿನದಲ್ಲ, ನಮ್ಮದು.